ನವಾಬನ ಬಾಲ

ಹೆಣ್ಣು ಕುದುರೆಯದು ಬೇಡ ಅಂದರಂತೆ ದೊರೆ,
ಉಚ್ಚೆ ತಾಕಿ ತಾಕಿ ಕೂದಲು ಹಾಳಾಗಿರುತ್ತೆ,
ಗಂಡಾಗಬೇಕು, ಬಿಳೀದಾಗಬೇಕು.
ನಮ್ಮಪ್ಪ ಪಿಳ್ಳಪ್ಪ ಜಟಕಾ ಇಳಿದು
ಮದುವೆ ಹೆಣ್ಣಿನ ಜಡೆ ತೋರಿಸುವ ಸೋದರಮಾವನ ಗತ್ತಿನಲ್ಲಿ
ನವಾಬನ ಬಾಲ ಎತ್ತಿ ಹಿಡಿದ.

ದಂಡಿನ ಸ್ಟೇಷನ್ ಎದುರು. ಮೂವತ್ತೊಂಬತ್ತನೇ ಇಸವಿ.
ಸೌತ್ ಪೆರೇಡಿನ ಹೋಟೆಲಿನಲ್ಲಿ ಕುಣಿಯುವವರಿಗೆ ನುಡಿಸಲು
ಮೂರು ತಿಂಗಳ ಕರಾರಿಗೆ ಬಂದಿಳಿದ ಆಳು.
ದೇಶ ಹಂಗೇರಿ. ಅಪ್ಪ ಅದನ್ನು ಸಾಯೋ ತನಕ ಹಂಗರಹಳ್ಳಿ ಅಂದ.
‘ಕೋಚು ಅಂತೀರಲ್ಲ, ಆ ಗಾಡಿ ಹುಟ್ಟಿದ್ದೇ ನಮ್ಮ ಕಡೆ,
ಕೋಚ್ ಅನ್ನೋ ಹಳ್ಳಿಯಲ್ಲಿ’ ಅಂದರಂತೆ ಹತ್ತುವಾಗ.
‘ಆಗಿರಬಹುದು, ಆರಾಣೆ’ ಅಂದನಂತೆ ಅಪ್ಪ.

ವೆರೇಬ್ ಕಾಲ್ಮಾನ್. ಮನೆತನ ಮುಂದೆ, ಹೆಸರು ಹಿಂದೆ,
ನಮ್ಮ ಇನಿಶಿಯಲ್ಲಿನ ಹಾಗೆ.
ವೆರೇಬ್ ಅಂದರೆ ಗುಬ್ಬಿ.
ಜಟಕಾ ಸ್ಟ್ಯಾಂಡಿಗೆಲ್ಲ ಅವರು ಗುಬ್ಬಿ ದೊರೆ.

ನುಡಿಸುತ್ತಿದ್ದದ್ದು ವಯೋಲಾ.
ಪಿಟೀಲಾ ಅಂತ ಕೇಳಿದರೆ ಮುಖ ಗಂಟಿಕ್ಕುತ್ತಿದ್ದರು.
ಬುಡಾಪೆಸ್ಟಿನಲ್ಲಿ ಹನ್ನೊಂದು ವರ್ಷ
ದೊಡ್ಡ ವಾದ್ಯವೃಂದದ ಮೂರನೇ ಸಾಲು.
‘ನಾನು ನಿಲ್ಲಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ,
ಸಾರಿಗೆ ಉಪ್ಪು ಕಮ್ಮಿಯಾಯಿತೇ ಅನ್ನಿಸುತ್ತಿತ್ತು, ಅಷ್ಟೇ.’

ಯುದ್ಧ ಬಂತು. ಶತ್ರು ದೇಶದವನು ಅಂತ
ನಾಲ್ಕು ವರ್ಷ ಬೇಲಿಯೊಳಗಿಟ್ಟರು.
ಅಲ್ಲಿ ತಂತಿಗೇನೂ ಬರವಿರಲಿಲ್ಲ, ಮುಳ್ಳು ಜಾಸ್ತಿ, ಅನ್ನುತ್ತಿದ್ದರು.
ವಾಪಸ್ ಬಂದರೆ ಹೋಟೆಲಿನಲ್ಲಿ ಬೇರೆ ಬ್ಯಾಂಡು.
ವೀಲರ್ ರೋಡಿನ ಹಿತ್ತಲ ಕೋಣೆ, ಹದಿನೆಂಟು ರೂಪಾಯಿ ಬಾಡಿಗೆ,
ಕಾಕ್ಸ್ ಟೌನಿನ ಮಕ್ಕಳಿಗೆ ಪಾಠ,
ಇಗರ್ಜಿಯ ಮದುವೆಗಳು, ಆಗೀಗ ಒಂದು ಸಾವು.

ಕೂದಲು ಕೊಟ್ಟು ಬಾ ಅಂತ ಅಪ್ಪ ಕಳಿಸಿದಾಗ ನನಗೆ ಒಂಬತ್ತು.
ಹೋದವನು ಅಲ್ಲೇ ಉಳಿದೆ.
ತೊಳಿ, ಬಾಚು, ಬೆಳಕಿಗೆ ಹಿಡಿ, ಗಂಟಿದ್ದದ್ದು ತೆಗಿ, ಎಣಿಸು.
ಒಂದು ಕಮಾನಿಗೆ ನೂರ ಅರವತ್ತು.
ಅವರ ಎಣಿಕೆ: ಎದ್ಯ್, ಕೆತ್ತೋ, ಹಾರೋಂ.
ಎರಡು ಬಂದಾಗಲೆಲ್ಲ ನನಗೆ ನಗು.
ಏನನ್ನ ಕೆತ್ತಲಿ ಸಾರ್?

ಐವತ್ತಾರು ಮುಗಿದ ಮೇಲೆ ಅಕ್ಕನ ಕಾಗದ ಬಂತು,
ಅರ್ಧಕ್ಕರ್ಧ ಮಸಿ ಬಳಿದದ್ದು.
ಓದಿ ಮಡಚಿದರು.
ಆ ಮಧ್ಯಾಹ್ನವೆಲ್ಲ ಬರೀ ದಪ್ಪ ತಂತಿ,
ಬೆರಳೇ ಇಡದೆ, ಒಂದೇ ಸ್ವರ.
ಪಕ್ಕದ ಮನೆಯ ಮಿಸೆಸ್ ಪಿಂಟೊ ಬಾಗಿಲು ತಟ್ಟಿದರು.
‘ಶ್ರುತಿ ಮಾಡ್ತಿದ್ದೇನೆ’ ಅಂದರು ದೊರೆ.

ಮರುವರ್ಷ ಹಲಸೂರಿನ ಇಳಿಜಾರಲ್ಲಿ ನವಾಬ ಬಿದ್ದ.
ಬಾಲವಿಡೀ ಮೂವತ್ತು ರೂಪಾಯಿಗೆ ದೊರೆ ತಗೊಂಡರು.
ಅಪ್ಪ ನೋಟು ಎಣಿಸಲಿಲ್ಲ,
ಕತ್ತರಿ ನನ್ನ ಕೈಗೆ ಕೊಟ್ಟು ಗೋಡೆ ಕಡೆ ತಿರುಗಿದ.

ಮುಂದೆ ಹನ್ನೊಂದು ವರ್ಷ ನವಾಬ ವೀಲರ್ ರೋಡಿನಲ್ಲಿ ಕೆನೆದ.
ಸಂಜೆ ಅಪ್ಪ ಗೇಟಿನ ಹೊರಗೇ ನಿಂತು ಬೀಡಿ ಹಚ್ಚುತ್ತಿದ್ದ.
ಒಳಗೆ ಬಾ ಅಂದರೆ ಬರುತ್ತಿರಲಿಲ್ಲ.
ಒಂದು ದಿನ ಅಂದ: ‘ಇವತ್ತು ಕುಂಟ್ತಾ ಇದಾನೆ.’
ಹೋಗಿ ನೋಡಿದೆ. ದೊರೆಯ ಬಲಗೈ ನಡುಗುತ್ತಿತ್ತು.

ಕಲ್ಪಳ್ಳಿಯಲ್ಲಿ ಮಣ್ಣು ಮಾಡಿದೆವು. ಆರು ಜನ.
ಕಲ್ಲುಕುಟಿಗ ಹೆಸರು ತಿರುಗಿಸಿಬಿಟ್ಟಿದ್ದ: ಕಾಲ್ಮಾನ್ ವೆರೇಬ್.
ಗುಬ್ಬಿ ಮುಂದೆ ಬರಬೇಕು ಕಣಯ್ಯ, ಅಂದೆ.
ಬೇರೆ ಕಲ್ಲಿಗೆ ಎಂಬತ್ತಾಗುತ್ತೆ ಅಂದ.
ನನ್ನ ಹತ್ತಿರ ಇಪ್ಪತ್ತೆರಡಿತ್ತು.

ಈಗ ನನ್ನ ಅಂಗಡಿಗೆ ಮಂಗೋಲಿಯಾದಿಂದ ಬರುತ್ತೆ,
ಕಟ್ಟಿಗೆ ಇಷ್ಟು ಅಂತ, ಪ್ಲಾಸ್ಟಿಕ್ಕಿನಲ್ಲಿ,
ಯಾವ ಕುದುರೆಯೋ ಏನೋ.
ಬಿಸ್ಕತ್ತಿನ ಡಬ್ಬಿಯಲ್ಲಿ ನವಾಬನದು ಸ್ವಲ್ಪ ಉಳಿದಿದೆ.
ನಿನ್ನೆ ಕರೆಂಟು ಹೋದಾಗ ಮೇಣದ ಬತ್ತಿ ಹಚ್ಚಿ ಎಣಿಸಿದೆ,
ಎದ್ಯ್, ಕೆತ್ತೋ, ಹಾರೋಂ,
ಆಮೇಲಿನದು ಮರೆತು ಕನ್ನಡದಲ್ಲಿ.
ತೊಂಬತ್ತಮೂರು.
ಒಂದು ಕಮಾನಿಗೆ ಸಾಲದು.