ಎಂಟು ಮಾರು ಹಗ್ಗ

ಬಿರುಗಾಳಿ ಒಂದು ಗಳವನ್ನೂ ಗಿಡ್ಡ ಮಾಡಿರಲಿಲ್ಲ.
ಮುವಾಜೂಮಾಳ ಮುಂಗೋಡೆಯ ಎರಡು ಕಾಂಡ್ಲಾ ಕಂಬ
ಇದ್ದಷ್ಟೇ ಎತ್ತರ,
ಮೇಲಿನ ತೊಲೆ, ಕೆಳಗಿನ ದಿಂಡು ಇನ್ನೂ ಸಮಸಮ.
ಆದರೂ ಮನೆ, ಕುಡಿದು ಬಂದವನು
ಗೋಡೆಗೊರಗಲು ಹೋಗಿ ಗೋಡೆ ಸಿಗದ ಹಾಗೆ
ವಾಲಿ ನಿಂತಿತ್ತು.

“ಕೆಟ್ಟದ್ದು ಬದಿಯಲ್ಲ, ಮೂಲೆ,” ಎಂದ ಉಸ್ಸೆನೆ,
ಕಡ್ಡಿಯಿಂದ ಗಾಳಿಯಲ್ಲಿ ಗೀರಿ ತೋರಿಸಿದ:
ಈ ಮೂಲೆಯಿಂದ ಆ ಮೂಲೆಗೆ ಹಗ್ಗ ಹಿಡಿ, ಉದ್ದ;
ಇನ್ನೊಂದು ಜೋಡಿಗೆ ಹಿಡಿ, ಗಿಡ್ಡ.
ಕರ್ಣಕ್ಕೂ ಕರ್ಣಕ್ಕೂ ಮಾತು ಬಿಟ್ಟ ಮನೆ
ಬಹಳ ದಿನ ನಿಲ್ಲುವುದಿಲ್ಲ.

ಅಂಗೋಷೆಯ ಕಡಲಂಚಿನಲ್ಲಿ ಅವನ ಬಳಿ ಮೂಲೆಮಟ್ಟವಿಲ್ಲ.
(ಇತ್ತು. ಗಾಳಿ ಅದನ್ನೂ ಒಯ್ದಿತ್ತು.)
ಸಮನಾದ ಎರಡು ಹಗ್ಗ ಸಾಕು, ಎಂದ,
ನಡುವಿಗೆ ನಡು ಸೇರಿಸಿ ಗಂಟು.
ಅವಳು ತಂದದ್ದು ಒಂದೇ ಹಗ್ಗ,
ಅಬಾಕರನ ದೋಣಿಯದು, ಎಂಟು ಮಾರು,
ಉಪ್ಪು ಕುಡಿದು ಗಡುಸಾದದ್ದು.
ದೋಣಿ ಮರಳಿತ್ತು, ಅವನಿಲ್ಲ.

ಉಸ್ಸೆನೆ ಕತ್ತಿ ತೆಗೆದ.
ಅವಳು ಕೈ ಅಡ್ಡ ಇಟ್ಟಳು. ಮುಖದ ಬಿಳಿ ಲೇಪ
ಹಣೆಯ ಗೆರೆಯುದ್ದಕ್ಕೂ ಬಿರಿಯಿತು.
ಕತ್ತರಿಸುವುದು ಬೇಡ.

ನಾನು ಅವನ ಕೈಕೆಳಗೆ ಸೇರಿ ಎರಡೇ ತಿಂಗಳು.
ಹಗ್ಗ ಮಡಚಿದೆ, ಮಡಚಿದ್ದನ್ನು ಮತ್ತೆ ಮಡಚಿದೆ,
ಎರಡೆರಡು ಮಾರಿನ ನಾಲ್ಕು ಪಾಲು.
ಮೊದಲ ಪಾಲು ಮುಗಿವಲ್ಲಿ, ಕೊನೆಯದು ತೊಡಗುವಲ್ಲಿ,
ಎರಡನ್ನೂ ಸೇರಿಸಿ ನಡುಗೂಟಕ್ಕೆ ಬಿಗಿದೆ.
ತುದಿಗಳನ್ನು ಎದುರುಬದುರು ಎಳೆದೆವು: ಒಂದು ಕರ್ಣ.
ಉಳಿದ ಮಡಿಕೆ ಹಿಡಿದು ಅವಳು ನಡೆದಳು: ಇನ್ನೊಂದರ ಅರ್ಧ.
ಅದನ್ನೇ ಗೂಟ ದಾಟಿಸಿ, ಒಂದು ಕಣ್ಣು ಮುಚ್ಚಿ
ನೇರ ನೋಡಿ ಆಚೆಗೆಳೆದರೆ ಉಳಿದರ್ಧ.
ಉಸ್ಸೆನೆ ಏನೂ ಅನ್ನಲಿಲ್ಲ.
ಕತ್ತಿಯ ತುದಿಯಿಂದ ಉಗುರಿನ ಮಣ್ಣು ಕೆರೆದುಕೊಂಡ.

“ಎಷ್ಟು ಅಗಲ?”
ಅವಳು ಮಡಿಕೆ ಬಿಡದೆ ಗೂಟದ ಸುತ್ತ ಹೆಜ್ಜೆ ಹಾಕಿದಳು.
ಮೊದಲು ಮನೆ ಓಣಿಯಷ್ಟು ಕಿರಿದು.
ಹೆಜ್ಜೆಗಿಷ್ಟು ಅಗಲ ಕೂಡಿತು, ಉದ್ದ ಕಳೆಯಿತು,
ಯಾವ ಹೆಜ್ಜೆಯಲ್ಲೂ ಮೂಲೆ ಮಾತ್ರ ಕೆಡಲಿಲ್ಲ
(ಆ ರಾತ್ರಿ ನನ್ನ ನಿದ್ದೆ ಕೆಡಿಸಿದ್ದು ಇದೇ)
ಅವಳು ಎಲ್ಲಿ ನಿಂತರೂ ಅದು ಆಯತವೇ.
ಹಗ್ಗಕ್ಕೆ ಹಗ್ಗ ನೆಟ್ಟಗೆ ಅಡ್ಡಬಿದ್ದ ಒಂದು ಗಳಿಗೆ
ನಾಲ್ಕು ಬದಿಯೂ ಒಂದೇ, ಚೌಕ.
“ನಿಲ್ಲು,” ಎಂದ ಉಸ್ಸೆನೆ,
“ಇಷ್ಟು ಹಗ್ಗಕ್ಕೆ ಇದಕ್ಕಿಂತ ದೊಡ್ಡ ನೆಲವಿಲ್ಲ.”

ಅವಳು ನಿಲ್ಲಲಿಲ್ಲ.
ಇನ್ನೆರಡು ಹೆಜ್ಜೆ. ಚೌಕ ಮತ್ತೆ ಆಯತಕ್ಕೆ ಹೊರಳಿತು,
ಈ ಸಲ ಗಿಡ್ಡ ಬದಿ ಕಡಲಿಗೆ.
“ಇಲ್ಲಿ.”

ಮುಸ್ಸಂಜೆಗೆ ಗಂಟು ಬಿಚ್ಚಿದೆವು.
ಮೂಲೆಯ ಗೂಟಗಳು ನಾಲ್ಕು ಉಳಿದವು.
ನಾಲ್ಕಕ್ಕೂ ಸಮದೂರ ನಿಂತು
ಯಾವ ಗೋಡೆಗೂ ಸೇರದ ಐದನೆಯದನ್ನು ಕಿತ್ತೆ.
ಆ ತೂತನ್ನು ಅವಳು ಹಿಮ್ಮಡಿಯಿಂದ ಮುಚ್ಚಿ
ಹಗ್ಗ ಸುತ್ತಿ ಅಲ್ಲೇ ಇಟ್ಟಳು,
ಇಡೀ ಎಂಟು ಮಾರು.
ಗಂಟು ಬಿದ್ದಲ್ಲಿ ಎರಡು ಸೊಟ್ಟ, ಅಷ್ಟೇ.