ಐದು ಮಂದಿ ಇದ್ದರೆ

ಇಪ್ಪತ್ತಾರು ವರ್ಷ ದಾವಣಗೆರೆ ಕೋರ್ಟಿನಲ್ಲಿ
ಈ ಶಬ್ದವನ್ನು ಟೈಪು ಮಾಡಿದ್ದೇನೆ,
'ದ'ದ ಕೀಲಿ ಸವೆದು ಹೊಳೆಯುವಷ್ಟು.
'ಆಪಾದಿತರು ಅಕ್ರಮ ಕೂಟ ಕಟ್ಟಿ ದೊಂಬಿ ಎಬ್ಬಿಸಿ'
ಮುಂದಿನದು ಬೆರಳಿಗೇ ಬಾಯಿಪಾಠ.

ಶಬ್ದ ಎಲ್ಲಿಂದ ಬಂತೆಂದು ಕೇಳುವುದು
ಗುಮಾಸ್ತನ ಕೆಲಸವಲ್ಲ.

ಆವತ್ತು ಮಂಡಕ್ಕಿ ಭಟ್ಟಿಯ ಕೇಸು.
ತಡೆಹಿಡಿದ ಕೂಲಿ ಕೇಳಲು ಹೋದವರು,
ಮುರಿದ ತಕ್ಕಡಿ, ಬೀದಿಪಾಲಾದ ನಾಲ್ಕು ಚೀಲ ಮಂಡಕ್ಕಿ.
ಗಾಳಿಯೂ ಇತ್ತು ಸ್ವಾಮಿ, ಎಂದ ಸಾಕ್ಷಿ,
ಯಾರು ಚೆಲ್ಲಿದರೋ, ಯಾವುದು ತಾನೇ ಹಾರಿತೋ.
ನಾಲ್ಕನೇ ಆಪಾದಿತೆ ಸುಂಕ್ಲಮ್ಮ,
ರೆಪ್ಪೆಯ ಮೇಲಿನ್ನೂ ಭಟ್ಟಿಯ ಮಸಿ.

ಜಾತಿ ಯಾವುದು ಎಂದರು.
ದೊಂಬರು, ಅಂದಳು.
ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.
ನನ್ನ ಕೈ ಅಲ್ಲೇ ನಿಂತಿತು.
ಒಂದೇ ಹಾಳೆ. ಮೇಲಿನ ಸಾಲಲ್ಲಿ ಆಕೆಯ ಕುಲ,
ಕೆಳಗಿನ ಸಾಲಲ್ಲಿ ಆಕೆಯ ಅಪರಾಧ,
ನಡುವೆ
ಒಂದು ಗುಡಿಸಿನಷ್ಟು ಅಂತರ.

ವಕೀಲರು ಕಾಯಿದೆ ಓದಿದರು:
ಐವರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಸೇರಿದರೆ...
ಸುಂಕ್ಲಮ್ಮ ಬೆರಳು ಮಡಿಚತೊಡಗಿದಳು.

"ಐದ್ ಮಂದಿ ಬೇಕೇಬೇಕ್ರಿ.
ಗಳ ನಿಲ್ಸಾಕೆ ನಮ್ಮಜ್ಜ, ಡೋಲಿಗೆ ನಮ್ಮವ್ವ,
ತಟ್ಟಿ ಹಿಡ್ಕಂಡು ತಿರುಗಾಕೆ ಚಿಗವ್ವ,
ಹಗ್ಗದ ಮ್ಯಾಲೆ ನಾನು.
ಐದನೇದು ನಮ್ಮಪ್ಪ. ಏನೂ ಮಾಡ್ತಿದ್ದಿಲ್ಲ,
ಕೆಳಗೆ ನಿಂತು ಬರೇ ನೋಡಾದು.
ಬಿದ್ರೆ ಹಿಡಿಯಾಕೆ."

ಅಪ್ರಸ್ತುತ, ಬರೆಯಬೇಡಿ, ಎಂದರು ಸಾಹೇಬರು.
ಬರೆಯಲಿಲ್ಲ.

ಸಂಜೆ ದಫ್ತರಖಾನೆಯಲ್ಲಿ ಹಳೆಯ ನಿಘಂಟು ಹುಡುಕಿ ತೆಗೆದೆ.
ಅರ್ಥ ಇತ್ತು: ಗುಂಪು, ಗದ್ದಲ, ದಂಗೆ.
ಮೂಲ ಇರಬೇಕಾದ ಕಡೆ ಗೆದ್ದಲು ತಿಂದ ತೂತು,
ತೂತಿನಾಚೆ ಮುಂದಿನ ಪುಟದ 'ದೊಣ್ಣೆ'.

ಆ ಕುಲಕ್ಕೂ ಈ ಶಬ್ದಕ್ಕೂ ನೆಂಟು ಇದೆಯೋ ಇಲ್ಲವೋ
ನಾನು ಹೇಳಲಾರೆ.
ಊರ ಬಯಲಲ್ಲಿ ಜನ ಸೇರಿದ್ದು ಆಟಕ್ಕೆ;
ಅದನ್ನು ದೂರದಿಂದ, ಕುದುರೆಯ ಮೇಲಿಂದ ನೋಡಿದವರು
ಏನೆಂದು ಕರೆದರೋ.

ಮನೆಗೆ ಹೋಗುವ ದಾರಿಯಲ್ಲಿ ಮಿರ್ಚಿ ಗಾಡಿ.
ಆಗಲೇ ನಾಲ್ವರು ಮಂಡಕ್ಕಿ ತಿನ್ನುತ್ತ ನಿಂತಿದ್ದರು,
ಯಾರೂ ತಲೆಯೆತ್ತಲಿಲ್ಲ.
ಹೋಗಿ ಐದನೆಯವನಾದೆ.