ನಿಲ್ಲದೆ ಎಂಟು ಸಲ

ಕೆಂಪು ಕ್ಯಾಲಿಪರಿನ ಚಿತ್ರ ಮೊಬೈಲಿನಲ್ಲಿ ತೋರಿಸಿದೆ.
ಆರು ಪಿಸ್ಟನ್ನು, ತೂತು ಕೊರೆದ ಡಿಸ್ಕು,
ನನ್ನ ಎರಡೂವರೆ ತಿಂಗಳ ಸಂಬಳ.
ಹಮ್ಮಣ್ಣ ಕೈ ಒರೆಸಿಕೊಳ್ಳದೆ ನೋಡಿದ.
‘ಚಂದ ಅದೆ’ ಅಂದ,
ಮದುವೆಗೆ ಬಂದ ಫೋಟೋ ನೋಡಿದವರ ಹಾಗೆ.
ಆಮೇಲೆ ಕೇಳಿದ:
‘ಎಷ್ಟನೇ ಸುತ್ತಿಗೆ ಪೆಡಲ್ಲು ಕೆಳಗೆ ಹೋಯ್ತು?’

ಆರನೆಯದಕ್ಕೆ.
ಕೊಯಮತ್ತೂರಿನ ಟ್ರ್ಯಾಕು, ನೇರ ಓಟದ ತುದಿ,
ನೂರು ಮೀಟರಿನ ಫಲಕ ದಾಟಿ ಒತ್ತಿದರೆ
ಕಾಲಡಿ ಏನೂ ಇಲ್ಲ,
ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆ ಅಂದುಕೊಂಡ ಹಾಗೆ.
ಮತ್ತೆ ಒತ್ತಿದೆ. ಮತ್ತೆ.
ಮಣ್ಣಿನಲ್ಲಿ ಹೋಗಿ ನಿಂತೆ. ಕಾರಿಗೆ ಏನೂ ಆಗಲಿಲ್ಲ.
ಬ್ಯಾಂಕಿನ ಕೌಂಟರಿನಲ್ಲಿ ಒಂದು ವಾರ
ನೋಟು ಎಣಿಸುವಾಗ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು.

ಬಾಳೆಗುಳಿಯ ಗ್ಯಾರೇಜಿನಲ್ಲಿ ಅವನು ನಿಪ್ಪಲ್ಲು ಸಡಿಲಿಸಿ
ಬ್ರೇಕ್ ಆಯಿಲ್ಲನ್ನು ಜಾಮಿನ ಬಾಟಲಿಗೆ ಇಳಿಸಿದ.
ಕಷಾಯದ ಬಣ್ಣ.
‘ನಿಮ್ಮನೆ ಉಪ್ಪಿನ ಭರಣಿ ಆಷಾಢದಲ್ಲಿ ಹೇಗಿರ್ತದೆ?
ಇದೂ ಹಾಗೇ, ಗಾಳಿಯ ತೇವ ಕುಡೀತದೆ.
ಕುಡಿದದ್ದು ಕಾದಾಗ ಕುದೀತದೆ.
ನೀನು ಒತ್ತಿದ್ದು ಬ್ರೇಕಲ್ಲ ತಂಗೀ, ಹಬೆ.’

ಹದಿನಾಲ್ಕು ವರ್ಷ ಅದಿರಿನ ಲಾರಿ ಓಡಿಸಿದವ.
ಅರಬೈಲ್ ಘಟ್ಟದಲ್ಲಿ ಸುಟ್ಟ ಲೈನರಿನ ವಾಸನೆಯಿಂದಲೇ
ಮುಂದಿನ ಗಾಡಿ ಯಾರದೆಂದು ಹೇಳುತ್ತಿದ್ದನಂತೆ.
ಎಡಗೈಯ ಎರಡು ಬೆರಳು ಮಡಚುವುದಿಲ್ಲ.
ಯಾಕೆಂದು ನಾನು ಕೇಳಿಲ್ಲ.

ಬಾನೆಟ್ಟಿನ ಧೂಳಿನ ಮೇಲೆ ಬೆರಳಲ್ಲಿ ಬರೆದ:
ಆಯಿಲ್ಲು, ಕಾವು ತಡೆಯುವಂಥದು, ಪ್ರತಿ ಸಲ ಹೊಸದು.
ಪ್ಯಾಡು.
ಸ್ಟೀಲಿನ ಹೋಸು, ದುಡ್ಡು ಮಿಕ್ಕಿದರೆ.
ಡಿಸ್ಕು ಸಾದಾ. ‘ತೂತಿನಿಂದಲೇ ಬಿರುಕು ಶುರು.’
ಅಷ್ಟರಲ್ಲಿ ಧೂಳು ಮುಗಿದಿತ್ತು,
ಕೆಂಪು ಕ್ಯಾಲಿಪರಿಗೆ ಜಾಗ ಉಳಿಯಲಿಲ್ಲ.
ಹಳೇ ಪ್ಯಾಡನ್ನು ಬಿಸ್ಕಿಟ್ ಡಬ್ಬಿಯಲ್ಲಿಟ್ಟು ಕೈಗೆ ಕೊಟ್ಟ.
‘ಟ್ರ್ಯಾಕಿನದು ತಣ್ಣಗಿದ್ರೆ ಕಚ್ಚೂದಿಲ್ಲ.
ಪೇಟೆಯಲ್ಲಿ ಎಮ್ಮೆ ಅಡ್ಡ ಬಂದ್ರೆ
ಬಿಸಿಯಾಗೂತನಕ ನಿಲ್ಲು ಅಂತ ಎಮ್ಮೆಗೆ ಹೇಳ್ತೀಯಾ?’

ಹೊಸತನ್ನು ಪಳಗಿಸಬೇಕು:
ಎಂಬತ್ತಕ್ಕೆ ಏರು, ಇಪ್ಪತ್ತಕ್ಕೆ ಇಳಿ, ಮತ್ತೆ ಏರು.
ಎಂಟು ಸಲ. ಪೂರ್ತಿ ಮಾತ್ರ ನಿಲ್ಲಬಾರದು,
ಕಾದ ಪ್ಯಾಡು ನಿಂತ ಡಿಸ್ಕಿನ ಮೇಲೆ ಮಚ್ಚೆ ಬಿಡುತ್ತದೆ.

ಬೆಳಿಗ್ಗೆ ಆರಕ್ಕೆ ಅವರ್ಸೆಯ ಹೆದ್ದಾರಿ.
ಬಸ್ ಸ್ಟಾಪಿನಲ್ಲಿ ಹಾರವಾಡದ ನಾಲ್ಕು ಹೆಂಗಸರು, ಮೀನಿನ ಬುಟ್ಟಿ.
ನಾನು ಇಪ್ಪತ್ತಕ್ಕೆ ಇಳಿದಾಗ
ಸಿಂಬಿ ಸರಿಮಾಡಿಕೊಂಡು ನಾಲ್ವರೂ ಎದ್ದರು.
ಹೊರಟುಬಿಟ್ಟೆ.
ಡಿವೈಡರಿನ ಬಾಯಲ್ಲಿ ತಿರುಗಿ, ಆಚೆ ಬದಿಗೊಮ್ಮೆ ಒತ್ತಿ,
ಮತ್ತೆ ಅವರೆದುರು.
ಎರಡನೇ ಸಲ ಒಬ್ಬಳು ಮಾತ್ರ ಎದ್ದಳು.
ಮೂರನೇ ಸಲ ನಗು.
ನಾಲ್ಕನೆಯದಕ್ಕೆ ಆ ಒಬ್ಬಳು
ಬಂಗುಡೆಯೊಂದನ್ನು ಬಾಲ ಹಿಡಿದೆತ್ತಿ ಬೈದಳು.
ಗಾಜು ಏರಿಸಿತ್ತು; ಬೈಗುಳ ಬಾಯಿಯ ಆಕಾರದಲ್ಲೇ ತಿಳಿಯಿತು.

ಹಟ್ಟಿಕೇರಿಯ ತನಕ ಬ್ರೇಕು ಮುಟ್ಟದೆ ಹೋಗಿ
ಗಾಳಿಗೆ ಆರಿಸಿಕೊಂಡು ವಾಪಸು ಬಂದೆ.
ಬಸ್ಸು ಹೋಗಿತ್ತು, ಅವಳ ಬುಟ್ಟಿಗೆ ಜಾಗ ಕೊಡದೆ.
ಈ ಸಲ ಪೂರ್ತಿ ನಿಂತೆ.
ಅವಳು ಏಳಲಿಲ್ಲ.
‘ಮತ್ತೆ ಓಡೂದಾದ್ರೆ ಓಡು.’

ಬುದವಂತಿ ಎಂಬ ಹೆಸರು ಒಂದು ಮೈಲಿ ಆದಮೇಲೆ ಹೇಳಿದಳು.
‘ಎಂತದೇ ಇದು, ಸುಟ್ಟ ವಾಸನೆ?’
ಹೊಸ ಬ್ರೇಕು, ಕಲಿಸ್ತಾ ಇದ್ದೆ.
ತುಸು ಹೊತ್ತು ಸುಮ್ಮನಿದ್ದಳು.
‘ನಿಲ್ಲೂಕೂ ಕಲೀಬೇಕಾ?’

ಅಂಕೋಲೆ ಪೇಟೆಯ ಮೊದಲ ಉಬ್ಬಿಗೆ ಮೆಲ್ಲಗೆ ಕಾಲಿಟ್ಟೆ.
ಕಚ್ಚಿತು, ನಾನು ಎಣಿಸಿದ್ದಕ್ಕಿಂತ ಜೋರಾಗಿ.
ಹಿಂದಿನ ಬುಟ್ಟಿಯಿಂದ ಬಂಗುಡೆಯೊಂದು ಜಾರಿ
ನಮ್ಮಿಬ್ಬರ ಸೀಟಿನ ನಡುವೆ ಬಂದು ಬಿತ್ತು.
ಇಳಿಯುವಾಗ ಅವಳು ಅದನ್ನು ನೋಡಿದಳು,
ಎತ್ತಿಕೊಳ್ಳಲಿಲ್ಲ.